ಕಟ್ಟಿಗೆ ಕೋಣೆಯಲ್ಲಿ ಇಗರ್ಜಿಯ ಮುಚ್ಚಿಗೆ

ನಾನು ಅಳೆದು ಬಂದ ಕಟ್ಟಡ ಉಳಿದ ಉದಾಹರಣೆಯಿಲ್ಲ. ಮುಂಬಯಿಯ ಫೋರ್ಟಿನ ಒಂದು ಆರ್ಕಿಟೆಕ್ಟರ ಆಫೀಸಿನಲ್ಲಿ ನಾನು ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೊಸ ಕಟ್ಟಡದ ನಕ್ಷೆ ತಯಾರಾಗುವ ಮುನ್ನ ಅದೇ ಜಾಗದಲ್ಲಿ ನಿಂತಿರುವ ಹಳೆಯದನ್ನು ಯಾರಾದರೂ ಅಳೆದು ಬರಬೇಕಲ್ಲ, ಆ ಯಾರಾದರೂ ಯಾವಾಗಲೂ ನಾನೇ. ಏಣಿಗೆ ಹೆದರದವನು, ಮದುವೆಯಾಗದವನು, ಬಿಜಾಪುರದ ಬಿಸಿಲು ಕಂಡವನು ಎಂದು ನನ್ನನ್ನೇ ಅಟ್ಟುತ್ತಿದ್ದರು. ಸಹೋದ್ಯೋಗಿಗಳು ನನಗೆ 'ಹೆಣದ ಅಳತೆಯವ' ಎಂಬ ಬಿರುದು ಕೊಟ್ಟಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಟೇಪು ಹಿಡಿದು ಒಳಗೆ ಕಾಲಿಟ್ಟೆನೆಂದರೆ ಆ ಮನೆಯ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಐವತ್ತರ ದಶಕದ ನಡುವಿನ ಒಂದು ಚಳಿಗಾಲ ಅಂಧೇರಿಯ ಹಳೆಯ ಇಗರ್ಜಿಯೊಂದಕ್ಕೆ, ಎಂದರೆ ಚರ್ಚಿಗೆ, ಹೋದದ್ದೂ ಹಾಗೆಯೇ. ಹೆಸರು ಬೇಡ. ಆ ಹೆಸರಿನ ಇಗರ್ಜಿ ಈಗಲೂ ಇದೆ, ಆದರೆ ನಾನು ಹೇಳುತ್ತಿರುವುದು ಈಗಿರುವುದರ ಮಾತಲ್ಲ. ಬಾಗಿಲಲ್ಲಿ ಬಿಳಿ ನಿಲುವಂಗಿಯ, ನರೆತ ಗಡ್ಡದ ಪಾದ್ರಿಯೊಬ್ಬರು ನಿಂತಿದ್ದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಬಂದ ಕಾರಣ ಹೇಳಿದೆ. ಯಾವ ಊರು ಎಂದು ಕೇಳಿದರು. ಬಿಜಾಪುರ ಎಂದೆ. ಮುದುಕರ ಮುಖ ಒಮ್ಮೆಲೇ ಅರಳಿತು.

"ಹಂಗಾದ್ರ ಕನ್ನಡದಾಗ ಹೇಳ್ರೆಲಾ! ಕೆಡವಾಕ ಬಂದೀರಿ, ಹೌದಿಲ್ಲೋ?"

ನನಗೆ ನಗು ತಡೆಯಲಾಗಲಿಲ್ಲ. ಮುಂಬಯಿಗೆ ಬಂದ ಮೇಲೆ ನಮ್ಮ ಕಡೆಯ ಮಾತನ್ನು ಅಷ್ಟು ಗಟ್ಟಿಯಾಗಿ ಆಡಿದವರನ್ನು ನಾನು ಕಂಡಿರಲಿಲ್ಲ. ಅವರು ಹುಟ್ಟಿದ್ದು ಸ್ಪೇನ್ ದೇಶದ ಅರಗೋನ್ ಸೀಮೆಯಲ್ಲಿ. ಹರೆಯದಲ್ಲೇ ಹಡಗು ಹತ್ತಿ ಬಂದು ಬೆಳಗಾವಿಯ ಸುತ್ತಲಿನ ಹಳ್ಳಿಗಳಲ್ಲಿ ಬಹಳ ವರ್ಷ ಇದ್ದರಂತೆ. ರಕಾರವನ್ನು ಗಿರಣಿಯಂತೆ ಉರುಳಿಸುತ್ತಿದ್ದರು, ಅದೊಂದನ್ನು ಬಿಟ್ಟರೆ ನಮ್ಮ ಓಣಿಯ ಹಿರಿಯರೇ. ಅವರ ಪಾದ್ರಿ ಸಂಘದ ಪದ್ಧತಿಯ ಪ್ರಕಾರ ಇಲ್ಲಿಗೆ ಬಂದವರು ಇಲ್ಲಿಯೇ ಮಣ್ಣಾಗಬೇಕು, ತಿರುಗಿ ಊರು ನೋಡುವ ಮಾತಿಲ್ಲ. ಅದನ್ನು ಅವರು ಮೊದಲ ದಿನವೇ ಹೇಳಿದರು, ದುಃಖದಿಂದಲ್ಲ, ವಿಳಾಸ ಹೇಳಿದ ಹಾಗೆ.

ಇಗರ್ಜಿ ನೋಡಲು ಚೆಂದವಿರಲಿಲ್ಲ. ಪೋರ್ತುಗೀಜರ ಕಾಲದ ಕರಿಕಲ್ಲಿನ ದಪ್ಪ ಗೋಡೆ. ಅಂಧೇರಿಯಿರುವ ಸಾಷ್ಟಿ ದ್ವೀಪವನ್ನು ಮರಾಠರು ಗೆದ್ದ ಮೇಲೆ ಬಹಳ ಕಾಲ ಹಾಳುಬಿದ್ದು ಗೋಡೆಯ ತಲೆಯ ಮೇಲೆ ಅರಳಿ ಬೆಳೆದಿತ್ತಂತೆ, ಪೀಠದ ಮೇಲಿನ ಮಾಡೊಂದು ಮಾತ್ರ ನಿಂತಿತ್ತಂತೆ. ಇಂಗ್ಲಿಷರ ಕಾಲದಲ್ಲಿ ಊರಿನ ಕ್ರಿಸ್ತುವರು ಕೈಯಲ್ಲಾದಷ್ಟು ರಿಪೇರಿ ಮಾಡಿ, ಮಂಗಳೂರು ಹೆಂಚು ಹೊದಿಸಿ, ಎದುರಿಗೆ ಒಂದು ಗೋಪುರ ಎಬ್ಬಿಸಿದರು. ಅದರಲ್ಲಿ ಗಡಿಯಾರಕ್ಕೆಂದು ಬಿಟ್ಟ ದುಂಡು ಕಿಂಡಿಗೆ ಗಡಿಯಾರ ಬರಲೇ ಇಲ್ಲ, ಗಿಳಿಗಳು ಬಂದವು. ಪ್ಲೇಗಿನ ಹೆದರಿಕೆಯಲ್ಲಿ ಒಳಗಿನ ಚಿತ್ರಗಳ ಮೇಲೆಲ್ಲ ಸುಣ್ಣ ಬಳಿದರು. ಕೊನೆಗೆ ಯಾವನೋ ಪುಣ್ಯಾತ್ಮ ಉದ್ದಕ್ಕೂ ಚಪ್ಪಟೆ ಹಲಗೆಯ ಛತ್ತು ಹೊಡೆಸಿ, ಅದಕ್ಕೆ ಆಕಾಶನೀಲಿ ಬಣ್ಣ ಬಳಿಸಿ, ಬೆಳ್ಳಿ ಚುಕ್ಕೆ ಇಡಿಸಿದ್ದ. ಪ್ರತಿ ತಲೆಮಾರಿಗೂ ಹಿಂದಿನವರು ಮಾಡಿದ್ದನ್ನು ಮುಚ್ಚುವುದೇ ಭಕ್ತಿ. ಈಗಿನ ತಲೆಮಾರಿಗೆ ಕಾಂಕ್ರೀಟ್ ಬೇಕಾಗಿತ್ತು.

ಮೇಲಿನ ಮಾಡಿನ ಅಳತೆ ಬೇಕಲ್ಲ ಎಂದು ನಾನು ಪೀಠದ ಪಕ್ಕದ ಕೋಣೆಯಿಂದ ಏಣಿಯಿಟ್ಟು ನೀಲಿ ಛತ್ತಿನ ಮೇಲಕ್ಕೆ ನುಸುಳಿದೆ. ಬಾವಲಿಗಳ ಹಿಕ್ಕೆ, ಹೆಂಚಿನ ಚೂರು, ಉಸಿರು ಕಟ್ಟುವ ವಾಸನೆ. ಟಾರ್ಚು ಮೇಲೆತ್ತಿದರೆ, ಪೀಠದ ನೇರಕ್ಕೆ, ನೀಲಿ ಹಲಗೆಗೂ ಹೆಂಚಿಗೂ ನಡುವೆ ಇನ್ನೊಂದು ಛತ್ತು ಇತ್ತು. ನಾವು ಮುಚ್ಚಿಗೆ ಎನ್ನುತ್ತೇವಲ್ಲ, ತೊಲೆಗಳ ನಡುವೆ ಹಲಗೆ ಕೂರಿಸಿದ ಮರದ ಕೆಲಸ, ಅಂಥದ್ದು. ಆದರೆ ಇದರಲ್ಲಿ ಸಾಗವಾನಿಯ ಪಟ್ಟಿಗಳು ಒಂದರೊಳಗೊಂದು ಹೆಣೆದುಕೊಂಡು ಎಂಟು ಮೂಲೆಯ ನಕ್ಷತ್ರವಾಗಿದ್ದವು. ಒಂದು ನಕ್ಷತ್ರದಿಂದ ಹೊರಟ ಪಟ್ಟಿ ಇನ್ನೊಂದನ್ನು ಕಟ್ಟಿ ಮುಂದಿನದಕ್ಕೆ ಹೋಗುತ್ತಿತ್ತು. ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯುವಂತಿರಲಿಲ್ಲ. ಸಂದಿಗಳಲ್ಲಿ ಕೆಂಪು, ಹಸಿರು ಬಣ್ಣದ ಗುರುತು ಇನ್ನೂ ಇತ್ತು.

ನನಗೆ ಅದು ಹೊಸದಲ್ಲ. ನಾನು ಹುಟ್ಟಿದ ಓಣಿಯ ಹಿಂದೆ ಯಾರದೋ ಒಂದು ಹಾಳು ಗೋರಿ ಇತ್ತು. ಅದರ ಕಲ್ಲಿನ ಜಾಲಂದ್ರದಲ್ಲಿ ಇದೇ ನಕ್ಷತ್ರ. ಅದರೊಳಗೆ ಕೈ ತೂರಿಸಿ ನಾವು ಪಾರಿವಾಳ ಹಿಡಿಯುತ್ತಿದ್ದೆವು. ಬಿಜಾಪುರದಲ್ಲಿ ಅಂಥವನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಂಧೇರಿಯಲ್ಲಿ, ಯೇಸುವಿನ ಪೀಠದ ಮೇಲೆ, ಬಾವಲಿ ಹಿಕ್ಕೆಯ ನಡುವೆ ಅದನ್ನು ಕಂಡಾಗ ಮಾತ್ರ ನಾನು ಅಳತೆ ಮರೆತು ಕತ್ತೆತ್ತಿ ನೋಡುತ್ತ ಕುಳಿತೆ.

ಕೆಳಗಿಳಿದು ಪಾದ್ರಿಗಳಿಗೆ ಹೇಳಿದೆ. ಅವರು ನಂಬಲಿಲ್ಲ. ನಿಲುವಂಗಿಯನ್ನು ಕಚ್ಚೆಯಂತೆ ಮೇಲಕ್ಕೆ ಸಿಕ್ಕಿಸಿಕೊಂಡು, ಬೇಡವೆಂದರೂ ಕೇಳದೆ ಏಣಿ ಹತ್ತಿದರು. ನಾನು ಹಿಂದಿನಿಂದ ಅವರ ಕಾಲು ಹಿಡಿದು ನಿಂತೆ. ಮೇಲೆ ಅವರ ಟಾರ್ಚಿನ ಬೆಳಕು ಒಂದೇ ಕಡೆ ನಿಂತುಬಿಟ್ಟಿತು. ಸತ್ತುಗಿತ್ತು ಹೋದರೇನೋ ಎಂದು ನನಗೆ ಭಯವಾಯಿತು. ಇಳಿದು ಬಂದಾಗ ಗಡ್ಡದ ತುಂಬ ಜೇಡರ ಬಲೆ, ಕಣ್ಣಲ್ಲಿ ನೀರು. ಮೆಟ್ಟಿಲ ಮೇಲೆ ಕುಳಿತು ತಮ್ಮೂರಿನ ಕಥೆ ಹೇಳಿದರು.

ಅವರ ಸೀಮೆಯನ್ನು ಹಿಂದೊಮ್ಮೆ ಮುಸಲ್ಮಾನರು ಆಳುತ್ತಿದ್ದರು. ಕ್ರಿಸ್ತುವ ಅರಸರು ಗೆದ್ದ ಮೇಲೆ ಆಳುವವರು ಹೋದರು, ದುಡಿಯುವವರು ಉಳಿದರು. ಗೌಂಡಿಗಳು, ಬಡಗಿಗಳು, ಕುಂಬಾರರು. ಹೊಸ ಒಡೆಯರಿಗೆ ಇಗರ್ಜಿ ಬೇಕು, ಕಟ್ಟಲು ಬರುವುದು ಇವರಿಗೆ. ಆ ಕಡೆ ಒಳ್ಳೆಯ ಕಲ್ಲು ಕಡಿಮೆ. ಇವರು ಇಟ್ಟಿಗೆ, ಗಾರೆ, ಮರ ಹಿಡಿದು ತಮಗೆ ಗೊತ್ತಿದ್ದ ರೀತಿಯಲ್ಲೇ ಕಟ್ಟಿಕೊಟ್ಟರು. ಗಂಟೆಯ ಗೋಪುರ ಮಿನಾರಿನ ಹಾಗೆ ಎದ್ದಿತು, ಇಟ್ಟಿಗೆಯ ನಡುವೆ ಹಸಿರು ಬಿಳಿ ಹೊಳಪಿನ ಬಿಲ್ಲೆ ಕೂತವು, ಒಳಗೆ ತಲೆಯ ಮೇಲೆ ಮರದ ನಕ್ಷತ್ರ ಹರಡಿದವು. ಹಾಗೆ ಉಳಿದವರನ್ನು ಮುದೇಹಾರ್ ಎನ್ನುತ್ತಿದ್ದರಂತೆ. ಎಂದರೆ, ಇರಲು ಬಿಟ್ಟವರು.

"ಆಮ್ಯಾಲೆ ಅವರನ್ನೂ ಹೊರಗ ಹಾಕಿದ್ರು," ಎಂದರು ಪಾದ್ರಿಗಳು. "ಮತ ಬದಲಿ ಮಾಡಿದ್ರೂ ಬಿಡಲಿಲ್ಲ. ಹಡಗ ಹತ್ತಿಸಿ ಕಳಿಸಿಬಿಟ್ರು. ಅಲ್ಲಿಗೆ ಆ ಕೆಲಸ ಮುಗೀತ್ರಿ. ಮಾಡೋ ಕೈನ ಇಲ್ಲಲ್ಲ."

ಮಾಡುವ ಕೈ ಹೋದ ಮೇಲೆ ನೋಡುವ ಕಣ್ಣೂ ಹೋಯಿತು. ಮುಂದಿನವರಿಗೆ ಇಟ್ಟಿಗೆ ಎಂದರೆ ಬಡತನ, ಮರ ಎಂದರೆ ಹಳ್ಳಿತನ. ಕೆಲವು ಕಡೆ ಇಟ್ಟಿಗೆಗೆ ಗಿಲಾವು ಮಾಡಿ ಕಲ್ಲಿನಂತೆ ಗೆರೆ ಎಳೆದರು. ಸುರುಳಿ ಬಳ್ಳಿಯ ಬಂಗಾರದ ಪೀಠಗಳನ್ನು ತಂದಿಟ್ಟರು. ಪಾದ್ರಿಗಳ ಊರಿನಲ್ಲಿ ನಕ್ಷತ್ರದ ಮುಚ್ಚಿಗೆಯ ಕೆಳಗೆ ಬಿಳಿ ಗಾರೆಯ ಕಮಾನು ಕಟ್ಟಿ ಅದನ್ನು ಪೂರಾ ಮುಚ್ಚಿಬಿಟ್ಟರು. ಇವರು ಬಾಲ್ಯದಲ್ಲಿ ಪೂಜೆ ಕೇಳಿದ್ದೆಲ್ಲ ಆ ಬಿಳಿ ಕಮಾನಿನ ಕೆಳಗೆ. ಮೇಲೆ ಏನಿದೆಯೆಂದು ಹೇಳುವವರಿರಲಿಲ್ಲ. ಇವರು ಇಲ್ಲಿಗೆ ಬಂದ ಮೇಲೆ ಅಲ್ಲಿ ಅಣ್ಣತಮ್ಮಂದಿರೇ ಬಡಿದಾಡಿದ ಯುದ್ಧ ನಡೆಯಿತು. ಬಾಂಬು ಬಿದ್ದು ಗಾರೆಯ ಕಮಾನು ಬಿರಿಯಿತು. ಬಿರುಕಿನೊಳಗಿಂದ ಹಳೆಯ ಮುಚ್ಚಿಗೆ ಕಂಡಿತಂತೆ. ಊರಿನಿಂದ ಬಂದ ಯಾರೋ ಹೇಳಿದ್ದು. ಇವರು ನೋಡಿಲ್ಲ, ನೋಡುವುದೂ ಇಲ್ಲ.

"ಅಲ್ಲೀದು ತಪ್ಪಿತು," ಎಂದರು. "ಇಲ್ಲೀದರ ಕೆಳಗಾದ್ರೂ ಒಂದ ಸಲ ಪೂಜಿ ಹೇಳಬೇಕ್ರಿ. ಒಂದ ಸಲ. ಆಮ್ಯಾಲೆ ಕರಕೊಂಡು ಹೋಗಲಿ ದೇವರು."

ಇಲ್ಲಿಗೆ ಆ ನಕ್ಷತ್ರ ಹೇಗೆ ಬಂತು ಎಂಬುದಕ್ಕೂ ಅವರ ಬಳಿ ಉತ್ತರವಿತ್ತು. ಗೋವೆ ಮೊದಲು ಬಿಜಾಪುರದ ಸುಲ್ತಾನರದು. ಪೋರ್ತುಗೀಜರು ಗೆದ್ದುಕೊಂಡ ಮೇಲೆ ಅಲ್ಲಿನ ಕೆಲವು ಬಡಗಿಗಳು ಉಳಿದಿರಬೇಕು, ಅವರ ಮಕ್ಕಳು ಮೊಮ್ಮಕ್ಕಳು ಇಗರ್ಜಿಯ ಕೆಲಸಕ್ಕೆ ಇಲ್ಲಿಯವರೆಗೆ ಬಂದಿರಬೇಕು. "ಅಂದ್ರ ನಿಮ್ಮೂರಾವ್ರ ಮಾಡ್ಯಾರ!" ಎಂದು ನನ್ನ ಬೆನ್ನು ತಟ್ಟಿದರು. ಇದಕ್ಕೆ ಪುರಾವೆ ಏನೂ ಇರಲಿಲ್ಲ. ನಾನು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಆದರೂ ಆ ದಿನ ಲೋಕಲ್ ಟ್ರೇನಿನಲ್ಲಿ ಜೋತಾಡುತ್ತ ಹೋಗುವಾಗ ಎದೆ ಸ್ವಲ್ಪ ಉಬ್ಬಿದ್ದು ನಿಜ. ಮುಂಬಯಿಯಲ್ಲಿ ನಮ್ಮೂರಿನದು ಎಂದು ತೋರಿಸಲು ನನಗೆ ಅದುವರೆಗೆ ಏನೂ ಇರಲಿಲ್ಲ.

ಅದೇ ಸುಮಾರಿಗೆ ರಾಜ್ಯಗಳನ್ನು ಭಾಷೆಯ ಪ್ರಕಾರ ವಿಂಗಡಿಸಿದರು. ಬಿಜಾಪುರ ಮೈಸೂರಿಗೆ ಸೇರಿತು, ನಾನು ಮುಂಬಯಿಯಲ್ಲಿ ಉಳಿದೆ. ಬೀದಿಯಲ್ಲಿ ಮೆರವಣಿಗೆಗಳು, ಚಾಳಿನಲ್ಲಿ ನೆರೆಯವರ ಕಣ್ಣಲ್ಲಿ ಹೊಸದೊಂದು ಅಳತೆ. ಪಾದ್ರಿಗಳಿಗೆ ಹೇಳಿದರೆ ಅವರು ನಕ್ಕು, "ನೀವೂ ಮುದೇಹಾರ್ ಆದ್ರಿ ಬಿಡ್ರಿ," ಎಂದರು. ನನಗೆ ನಗು ಬರಲಿಲ್ಲ.

ಇಗರ್ಜಿಯ ಕಮಿಟಿಯವರನ್ನು ಬೈಯಲು ನನಗೆ ಈಗಲೂ ಮನಸ್ಸಾಗುತ್ತದೆ, ಕಾರಣ ಸಿಗುವುದಿಲ್ಲ. ಭಾನುವಾರದ ಪೂಜೆಗೆ ಜನ ಹಿಡಿಸದೆ ಅಂಗಳದಲ್ಲಿ ಮಳೆಗೆ ನೆನೆಯುತ್ತಿದ್ದರು. ಗೋವೆಯವರು, ಮಂಗಳೂರಿನವರು, ದಿನಕ್ಕೊಂದು ಸಂಸಾರ ಸಾಂತಾಕ್ರೂಜ್‌ನಲ್ಲೋ ಅಂಧೇರಿಯಲ್ಲೋ ಬಂದಿಳಿಯುತ್ತಿತ್ತು. ಮಾಡು ಕುಸಿಯುವ ಹಾಗಿದೆ ಎಂದು ನಮ್ಮ ಆಫೀಸಿನ ಇಂಜಿನಿಯರರೇ ಹೇಳಿದ ಮೇಲೆ ಪೀಠದ ಭಾಗಕ್ಕೆ ಬೀಗ ಹಾಕಿ, ಪೂಜೆಯನ್ನು ಶಾಲೆಯ ಹಾಲಿಗೆ ಬದಲಿಸಿದರು. ಪಾದ್ರಿಗಳು ಮನೆ ಮನೆಗೆ ಹೋಗಿ ನಕ್ಷತ್ರದ ಮಾತಾಡಿದರು. ಜನ ಚಹಾ ಕೊಟ್ಟು, ಕೈಗೆ ಮುತ್ತಿಟ್ಟು ಕಳಿಸಿದರು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಒಂದು ತೀರ್ಮಾನವಾಯಿತು. ಹಳೆಯದನ್ನು ಕೆಡವುವುದು. ಪೀಠದ ಮೇಲಿನ ಮುಚ್ಚಿಗೆಯನ್ನು ಮಾತ್ರ ಹುಷಾರಾಗಿ ಬಿಚ್ಚಿಡುವುದು. ಹೊಸ ಇಗರ್ಜಿಯ ಪಕ್ಕದಲ್ಲಿ ಒಂದು ಸಣ್ಣ ಪೀಠದ ಕೋಣೆ ಕಟ್ಟಿ ಅಲ್ಲಿ ಅದನ್ನು ಮತ್ತೆ ಕೂರಿಸುವುದು. ಆದರೆ ಕಟ್ಟಡ ಮುಗಿಯುವ ತನಕ ಇಡಲು ಕಮಿಟಿಯ ಬಳಿ ಜಾಗವಿಲ್ಲ.

ಜಾಗ ಸಿಕ್ಕಿದ್ದು ನಾನು ಊಟ ಮಾಡುತ್ತಿದ್ದ ಹೋಟೆಲಿನಲ್ಲಿ. ಅಂಧೇರಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲು ಅದು. ಅಲ್ಲಿನ ಬೆಲ್ಲ ಹಾಕಿದ ಸಾಂಬಾರನ್ನು ನಾನು ದಿನವೂ ಬೈಯುತ್ತಿದ್ದೆ, ದಿನವೂ ತಿನ್ನುತ್ತಿದ್ದೆ. "ನಿಮ್ಮ ಜೋಳದ ರೊಟ್ಟಿ ತಿನ್ಲಿಕ್ಕೆ ಕಲ್ಲಿನ ಹಲ್ಲು ಬೇಕು ಮಾರಾಯ್ರೆ," ಎಂದು ಯಜಮಾನರೂ ಬಿಡುತ್ತಿರಲಿಲ್ಲ. ಉಡುಪಿ ಕಡೆಯ ಸ್ಥೂಲಕಾಯದ ಮುದುಕರು, ಹಣೆಯಲ್ಲಿ ಗಂಧ, ಗಲ್ಲಾಪೆಟ್ಟಿಗೆಯ ಮೇಲೆ ಊರಿನ ದೇವರ ಪಟ. ಹೋಟೆಲಿನ ಹಿಂದೆ ಒಲೆಯ ಕಟ್ಟಿಗೆ ಪೇರಿಸುವ ಉದ್ದನೆಯ ಕೋಣೆಯಿತ್ತು. ಹೊಸ ಇಗರ್ಜಿ ಏಳುವವರೆಗೆ ಮುಚ್ಚಿಗೆಯನ್ನು ಅಲ್ಲಿಡಬಹುದೇ ಎಂದು ನಾನು ಸಂಕೋಚದಿಂದಲೇ ಕೇಳಿದೆ.

"ಇಗರ್ಜಿಯದ್ದಾ? ಅದನ್ನು ಕೇಳ್ಲಿಕ್ಕೆ ಉಂಟಾ!" ಎಂದರು. "ನಮ್ಮಮ್ಮ ನನಗೆ ಜ್ವರ ಬಂದಾಗ ಇಗರ್ಜಿಗೆ ಮೇಣದ ಬತ್ತಿ ಹರಕೆ ಹೇಳಿದ್ದು. ದೇವರ ಸೊತ್ತು ಎಲ್ಲಿಂದ ಬಂದ್ರೂ ದೇವರದ್ದೇ. ತನ್ನಿ."

ಮುಚ್ಚಿಗೆಯನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತು ಒಂದೊಂದು ತುಂಡಿನ ಬೆನ್ನಿಗೂ ಗುರುತು ಹಾಕಿದೆ. ಎತ್ತಿನ ಗಾಡಿಯಲ್ಲಿ, ಗೋಣಿ ಹಾಸಿ, ಅದು ಹೋಟೆಲು ಸೇರಿತು. ನನಗೆ ಇದ್ದ ಹೆದರಿಕೆ ಒಂದೇ: ಅಡಿಗೆಯವರು ಯಾವತ್ತಾದರೂ ಕಟ್ಟಿಗೆ ಸಾಲದೆ ನಾನೂರು ವರ್ಷದ ಸಾಗವಾನಿಯನ್ನು ಇಡ್ಲಿಯ ಒಲೆಗೆ ತುರುಕಿಬಿಟ್ಟಾರು. ಯಜಮಾನರಿಗೆ ಅದನ್ನು ಮತ್ತೆ ಮತ್ತೆ ಹೇಳಿದೆ. ಅವರಿಗೆ ಸಿಟ್ಟೇ ಬಂತು.

"ಎಂತ ನೀವು ನನ್ನನ್ನು ತಿಳ್ಕೊಂಡದ್ದು? ಹೊಸ ಇಗರ್ಜಿ ಏಳುವವರೆಗೆ ಇದು ನನ್ನ ಜವಾಬ್ದಾರಿ. ಆಯ್ತಲ್ಲ?"

ಮಾರನೆಯ ವಾರ ಹೋಗಿ ನೋಡಿದರೆ ಕಟ್ಟಿಗೆಯೆಲ್ಲ ಹೊರಗೆ ಬಂದಿತ್ತು. ಕೋಣೆಯನ್ನು ಸಾರಿಸಿ, ತುಂಡುಗಳನ್ನು ಮಣೆಯ ಮೇಲೆ ಒಪ್ಪವಾಗಿ ಜೋಡಿಸಿ, ಎದುರಿಗೆ ಒಂದು ದೀಪ ಹಚ್ಚಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಮಳೆಗಾಲದಲ್ಲಿ ಕಟ್ಟಿಗೆ ಒದ್ದೆಯಾಗಿ ಅಡಿಗೆಮನೆ ಹೊಗೆಯಲ್ಲಿ ಮುಳುಗಿದರೂ ಯಜಮಾನರು ಆ ಕೋಣೆಗೆ ಕಟ್ಟಿಗೆ ಸೇರಿಸಲಿಲ್ಲ. ಗಿರಾಕಿಗಳಿಗೂ ಹೇಳುತ್ತಿದ್ದರು: "ಇದು ಅವರ ಬಾಲಾಲಯ ಅಲ್ವಾ." ಬಾಲಾಲಯವೆಂದರೆ, ದೇವಸ್ಥಾನದ ಜೀರ್ಣೋದ್ಧಾರ ನಡೆಯುವಾಗ ದೇವರನ್ನು ಕೂರಿಸುವ ತಾತ್ಕಾಲಿಕ ಗುಡಿ. ನಾನು ನಕ್ಕೆ. ಪಾದ್ರಿಗಳಿಗೂ ಹೇಳಿದೆ, ಅವರೂ ಬಹಳ ಖುಷಿಪಟ್ಟರು. ಒಂದು ಸಂಜೆ ಬಂದು ತಾವೂ ಬೂಟು ಬಿಚ್ಚಿ ಒಳಗೆ ಹೋಗಿ, ಒಂದು ನಕ್ಷತ್ರದ ಮೇಲೆ ಕೈಯಿಟ್ಟು ನಿಂತು, ಹೊರಗೆ ಬಂದು ಕಾಫಿ ಕುಡಿದರು. ಇಬ್ಬರೂ ಮುದುಕರು ಒಬ್ಬರಿಗೊಬ್ಬರು ಕೈಮುಗಿದುಕೊಂಡರು. ಇಷ್ಟು ಒಳ್ಳೆಯ ಕಡೆ ಅದು ಇನ್ನೆಲ್ಲಿ ಇರಲು ಸಾಧ್ಯವಿತ್ತು?

ಕಟ್ಟಡ ಕುಂಟುತ್ತ ನಡೆಯಿತು. ಸಿಮೆಂಟು ಸಿಕ್ಕರೆ ಕಬ್ಬಿಣವಿಲ್ಲ, ಕಬ್ಬಿಣ ಸಿಕ್ಕರೆ ಕೂಲಿಯವರಿಲ್ಲ. ಪಾದ್ರಿಗಳಿಗೆ ಎದೆಯ ತೊಂದರೆ ಶುರುವಾಗಿ ಎರಡು ಸಲ ಆಸ್ಪತ್ರೆ ಕಂಡು ಬಂದರು. ಪ್ರತಿ ಸಲವೂ ನನ್ನನ್ನು ಕೇಳುತ್ತಿದ್ದುದು ಒಂದೇ, ಸಣ್ಣ ಕೋಣೆಯ ಸ್ಲ್ಯಾಬು ಆಯಿತೇ? ಅಂತೂ ಐವತ್ತರ ದಶಕ ಮುಗಿಯುತ್ತ ಬಂದಾಗ ಹೊಸ ಇಗರ್ಜಿ ಎದ್ದಿತು. ಎತ್ತರದ, ಬಿಳಿಯ, ದೊಡ್ಡ ಗೋದಾಮಿನಂಥ ಕಟ್ಟಡ. ಅದರ ನಕ್ಷೆಯಲ್ಲಿ ನನ್ನ ಕೈಗೆರೆಯೂ ಇದೆ, ಹಾಗಾಗಿ ಹೆಚ್ಚು ಬೈಯುವಂತಿಲ್ಲ. ಬಿಷಪ್ಪರು ಬಂದು ಪ್ರತಿಷ್ಠೆ ಮಾಡುವ ಭಾನುವಾರ ಗೊತ್ತಾಯಿತು. ಅದಕ್ಕೆ ಮುಂಚಿನ ವಾರ ಬಡಗಿಗಳು ಬಂದು ಮುಚ್ಚಿಗೆ ಕೂರಿಸುವುದು, ಪ್ರತಿಷ್ಠೆಯ ಮಾರನೆಯ ಬೆಳಿಗ್ಗೆ ಪಾದ್ರಿಗಳು ಅದರ ಕೆಳಗೆ ಪೂಜೆ ಹೇಳುವುದು ಎಂದು ನಿಶ್ಚಯವಾಯಿತು. ಆ ದಿನಗಳಲ್ಲಿ ಅವರ ಮುಖಕ್ಕೆ ಕಳೆ ಬಂದಿತ್ತು.

ಬಡಗಿಗಳಿಗೆ ಜಾಗ ತೋರಿಸಲೆಂದು ನಾನೂ ಪಾದ್ರಿಗಳೂ ಹೊಸ ಕೋಣೆಯಲ್ಲಿ ನಿಂತಿದ್ದೆವು. ಬೆಳಿಗ್ಗೆಯ ಹೊತ್ತು. ಹೋಟೆಲಿನ ಯಜಮಾನರು ಜರಿಪಂಚೆಯುಟ್ಟು, ಹಿತ್ತಾಳೆಯ ತಟ್ಟೆಯಲ್ಲಿ ಒಡೆದ ತೆಂಗಿನಕಾಯಿ, ಹೂವು, ಬಾಳೆಹಣ್ಣು ಹಿಡಿದು ಬಂದರು. ಮುಖದಲ್ಲಿ ಮದುವೆ ಮುಗಿಸಿದ ತಂದೆಯ ಆಯಾಸ, ಸಂತೋಷ.

"ಫಾದರ್, ಎಲ್ಲ ಸಾಂಗವಾಗಿ ಆಯ್ತು," ಎಂದರು. "ನೀವು ಇಲ್ಲಿಯ ಗಡಿಬಿಡಿಯಲ್ಲಿ ಮರೆತಿರಬಹುದು ಅಂತ ನಾನೇ ಮಾಡಿಸಿದೆ. ಹೊಸದರ ಪ್ರತಿಷ್ಠೆ ಆಗುವ ಮೊದಲು ಹಳೆಯದಕ್ಕೆ ಗತಿ ಕಾಣಿಸ್ಬೇಕಲ್ಲ. ಜೀರ್ಣ ಆದದ್ದನ್ನು ಇಟ್ಕೊಳ್ಳಿಕ್ಕೆ ಆಗುದಿಲ್ಲ. ಗೆದ್ದಲು ಬೇರೆ ಹಿಡಿದಿತ್ತು, ಎರಡು ಮೂರು ತುಂಡು ಭಿನ್ನ ಆಗಿತ್ತು. ನಿನ್ನೆ ಭಟ್ರನ್ನು ಕರೆಸಿ, ವೆಸಾವೆ ಕಡಲತೀರದಲ್ಲಿ ಬೆಸ್ತರ ದೋಣಿ ಬಾಡಿಗೆಗೆ ಮಾಡಿ, ಸಮುದ್ರದಲ್ಲಿ ವಿಸರ್ಜನೆ ಮಾಡಿಸಿದೆ. ತೇಲಿ ಬಂದು ಯಾರ ಕಾಲಿಗಾದರೂ ಸಿಕ್ಕಿದ್ರೆ ದೋಷ ಅಲ್ವಾ? ಹೋಟೆಲಿನ ಹಳೆ ಕಡೆಯುವ ಕಲ್ಲು ಎಲ್ಲ ಕಟ್ಟಿಸಿ ಬಿಟ್ಟದ್ದು. ಒಂದು ಚೂರೂ ಉಳಿಸ್ಲಿಲ್ಲ. ಪ್ರಸಾದ ತಗೊಳ್ಳಿ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಒಮ್ಮೆಲೇ, ಪೂರ್ತಿಯಾಗಿ. ಅವರು ತಮ್ಮ ಊರಿನ ದೇವಸ್ಥಾನದಲ್ಲಿ ಹಿರಿಯರು ಮಾಡಿದ್ದನ್ನೇ ಮಾಡಿದ್ದರು. ಹೊಸ ಗುಡಿ ಏಳುವವರೆಗೆ ಹಳೆಯ ದೇವರನ್ನು ಬಾಲಾಲಯದಲ್ಲಿಟ್ಟು ಕಾಯುವುದು, ಹೊಸದು ಬಂದಾಗ ಹಳೆಯದನ್ನು ಗೌರವದಿಂದ ನೀರಿಗೆ ಬಿಡುವುದು. 'ಹೊಸ ಇಗರ್ಜಿ ಏಳುವವರೆಗೆ' ಎಂದು ನಾವು ಹೇಳಿದ್ದೆವು. ಆಮೇಲೆ ಏನು ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅವರಿಗದು ಕೇಳುವ ಮಾತೇ ಅಲ್ಲ, ಹುಟ್ಟುತ್ತಲೇ ಗೊತ್ತಿರುವುದು. ಒಲೆಯಿಂದ, ಕಳ್ಳರಿಂದ, ಮಳೆಯಿಂದ ಕಾದರು. ಅದನ್ನು ಭಕ್ತಿಯ ಕೈಯಿಂದಲೂ ಕಾಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾನು ಏನೋ ಕೂಗಲು ಬಾಯಿ ತೆರೆದೆ. ಪಾದ್ರಿಗಳು ನನ್ನ ಮೊಣಕೈ ಹಿಡಿದರು. ಎದೆಯ ರೋಗದವರ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರು ಮುಂದೆ ಹೋಗಿ ಎರಡೂ ಕೈ ಚಾಚಿ ತೆಂಗಿನ ಹೋಳನ್ನು ತೆಗೆದುಕೊಂಡರು.

"ಭಾಳ ಉಪಕಾರ ಆತ್ರಿ," ಎಂದರು. "ಭಾಳ ಖರ್ಚು ಮಾಡೀರಿ ನಮ್ಮ ಸಲುವಾಗಿ."

"ಛೆ ಛೆ, ಎಂತ ಖರ್ಚು! ದೇವರ ಕೆಲಸ," ಎಂದು ಯಜಮಾನರು ಕೈಮುಗಿದರು. ಹೊಸ ಪೀಠಕ್ಕೂ ಕೈಮುಗಿದು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋದರು.

ಅವರು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಮೂಢರು, ಕುರುಡರು, ಮಡಿಯ ಹುಚ್ಚಿನವರು ಎಂದೆ. ನಮ್ಮ ಜನರ ಕೈಗೆ ಏನು ಕೊಟ್ಟರೂ ಇಷ್ಟೇ ಎಂದೆ. ಪಾದ್ರಿಗಳು ಬೆಂಚಿನ ಮೇಲೆ ಕುಳಿತು ತೆಂಗಿನ ಹೋಳನ್ನು ನೋಡುತ್ತಿದ್ದರು.

"ನಮ್ಮೂರಾಗ ಕಮಾನ ಕಟ್ಟಿ ಮುಚ್ಚಿದ್ರಲ್ಲ," ಎಂದರು, "ಅವರೂ ದೇವರಿಗೆ ಒಳ್ಳೇದಾಗಲಿ ಅಂತನ ಮಾಡಿದ್ರು. ಇವರಿಗೆ ಹೇಳಬ್ಯಾಡ್ರಿ. ಸಾಯೂತನಕ ಸುಖಾ ಇರೂದಿಲ್ಲ ಆ ಮನುಷ್ಯಾ."

"ನಿಮಗ ಸಿಟ್ಟು ಬರೂದಿಲ್ಲೇನ್ರಿ?" ಎಂದು ಕೇಳಿದೆ.

"ಬರ್ತದ," ಎಂದರು. "ಯಾರ ಮ್ಯಾಲೆ ಅಂತ ತಿಳೀವಲ್ದು."

ಆವತ್ತೇ ಮಧ್ಯಾಹ್ನ ನಾನೊಬ್ಬನೇ ವೆಸಾವೆಗೆ ಓಡಿದೆ. ದೋಣಿಯ ಬೆಸ್ತ ಮೀನುಬಲೆ ಸರಿಮಾಡುತ್ತ ಕುಳಿತಿದ್ದ. ಎಲ್ಲಿ ಮುಳುಗಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದರೆ ಎದ್ದುನಿಂತು ಕೈ ಚಾಚಿದ. ಅವನ ಕೈ ತೋರಿಸಿದ ಕಡೆ ಸಮುದ್ರ ಮಾತ್ರವಿತ್ತು. ತೆಗೆಯಲು ಆಗುತ್ತದೆಯೇ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿ, ದೇವರಿಗೆ ಕೊಟ್ಟಿದ್ದನ್ನು ಹಿಂದಕ್ಕೆ ಕೇಳುತ್ತಾರೆಯೇ ಎಂದು ಕೇಳಿದ. ಇಳಿತದ ನೀರು ಹಿಂದೆ ಸರಿಯುತ್ತಿತ್ತು. ನಾನು ಕೆಸರಿನಲ್ಲಿ ಬಹಳ ದೂರ ನಡೆದೆ. ಒಣಹಾಕಿದ ಮೀನಿನ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ. ಅಲ್ಲೇ ಒಂದು ಮುರಿದ ದೋಣಿಯ ಮೇಲೆ ಕುಳಿತು ಅತ್ತೆ. ಮರಕ್ಕಾಗಿ ಅತ್ತೆನೋ, ಮುದುಕರಿಗಾಗಿಯೋ, ನನ್ನೂರಿನದು ಎಂದು ನಾನು ನಂಬಿಕೊಂಡಿದ್ದಕ್ಕಾಗಿಯೋ ಗೊತ್ತಿಲ್ಲ.

ನನ್ನ ಅಳತೆ ನೋಡಿ ಹೊಸದನ್ನು ಮಾಡಿಸಬಹುದಲ್ಲ ಎಂದು ಪಾದ್ರಿಗಳಿಗೆ ಸೂಚಿಸಿದ್ದೆ. ಅವರು ತಲೆ ಅಲ್ಲಾಡಿಸಿದರು. ಬಡಗಿಗಳೂ ಅಂಥ ಹೆಣಿಗೆ ತಮಗೆ ಬಾರದು, ಬೇಕಾದರೆ ಪ್ಲೈವುಡ್ಡಿನಲ್ಲಿ ಕತ್ತರಿಸಿ ಅಂಟಿಸಿ ಕೊಡುತ್ತೇವೆ ಎಂದರು. ಮಾತು ಅಲ್ಲಿಗೆ ನಿಂತಿತು.

ಪ್ರತಿಷ್ಠೆಯ ದಿನ ಜನಸಾಗರ. ಬಿಷಪ್ಪರ ಮೆರವಣಿಗೆ ಮುಗಿದ ಮೇಲೆ ಹೋಟೆಲಿನ ಯಜಮಾನರು ಹೆಂಡತಿಯನ್ನು ಕರೆದುಕೊಂಡು ಬಂದು ಒಂದೊಂದಾಗಿ ಎಲ್ಲವನ್ನೂ ತೋರಿಸುತ್ತಿದ್ದರು, ತಮ್ಮದೇ ಮನೆಯ ಗೃಹಪ್ರವೇಶವೆಂಬಂತೆ. ಸಣ್ಣ ಕೋಣೆಗೆ ಬಂದಾಗ ತಲೆಯೆತ್ತಿ ನೋಡಿದರು. ಬರಿಯ ಬಿಳಿ ಸ್ಲ್ಯಾಬು. ಮುಚ್ಚಿಗೆಯನ್ನು ತೂಗಿಸಲೆಂದು ಕಾಂಕ್ರೀಟ್ ಸುರಿಯುವಾಗಲೇ ನಾವು ಬಿಡಿಸಿದ್ದ ಕಬ್ಬಿಣದ ಕೊಕ್ಕೆಗಳು ಸಾಲಾಗಿ ಕೆಳಗೆ ಬಾಗಿದ್ದವು.

"ಅದು ಎಂತಕ್ಕೆ ಫಾದರ್, ಅಷ್ಟೆಲ್ಲ ಕೊಕ್ಕೆ?" ಎಂದು ಕೇಳಿದರು.

 ಪಾದ್ರಿಗಳು ಮೇಲೆ ನೋಡಲಿಲ್ಲ.

"ಫ್ಯಾನಿಗ್ರಿ," ಎಂದರು. "ಇಲ್ಲಿ ಭಾಳ ಸೆಕಿ."

ಮುಂದಿನ ಬೇಸಗೆಗೆ ಯಜಮಾನರೇ ಒಂದು ಫ್ಯಾನನ್ನು ದಾನವಾಗಿ ತಂದುಕೊಟ್ಟು, ಏಣಿಯ ಕೆಳಗೆ ನಿಂತು ನಡುವಿನ ಕೊಕ್ಕೆಗೆ ಹಾಕಿಸಿದರು. ಸಾಯುವವರೆಗೆ ಪಾದ್ರಿಗಳು ದಿನವೂ ಅದರ ಕೆಳಗೆ ಪೂಜೆ ಹೇಳಿದರು.